ಅಧಿಕಾರದ ಏರಿ, ನಿರ್ಗಮನದ ಕೋಡಿ

ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ, ಸಾವಿರ ಅಡಿಗೂ ತುಸು ಕಡಮೆ ಉದ್ದದ ಏರಿಯೊಂದನ್ನು ಕಟ್ಟಿ, ಅದರ ಬೆನ್ನಿಗೆ ಆರೂವರೆ ಸಾವಿರ ಎಕರೆಗಳಷ್ಟು ವಿಸ್ತಾರವಾದ ಜಲರಾಶಿಯನ್ನು ತಡೆದು ನಿಲ್ಲಿಸಿದ ಪೂರ್ವಿಕರ ಬುದ್ಧಿಶಕ್ತಿಯನ್ನು, ಚನ್ನಗಿರಿ ಸೀಮೆಯ ಸೂಳೆಕೆರೆಯ ದಡದಲ್ಲಿ ನಿಂತು ನೋಡಿದವರಾರೂ ಮನಸಾರೆ ಕೊಂಡಾಡದೆ ಇರಲಾರರು. ಶಾಂತಿಸಾಗರವೆಂಬ ಇನ್ನೊಂದು ಹೆಸರನ್ನೂ ಪಡೆದಿರುವ ಈ ಕೆರೆ, ಹನ್ನೊಂದು ಹನ್ನೆರಡನೆಯ ಶತಮಾನಗಳ ಕಾಲದ್ದೆಂದು ಹೇಳಲಾಗುವ ಅಷ್ಟು ದೀರ್ಘವಾದ ಆಯುಸ್ಸಿನುದ್ದಕ್ಕೂ ಎಷ್ಟೋ ರಾಜವಂಶಗಳ ಉದಯಾಸ್ತಮಾನಗಳನ್ನು ಕಂಡು, ಇಂದಿಗೂ ಸಿದ್ಧನಾಲೆ ಬಸವನಾಲೆಗಳೆಂಬ ಎರಡು ಕಾಲುವೆಗಳ ಮೂಲಕ ಗದ್ದೆ ತೋಟಗಳಿಗೆ ನೀರೂಡುತ್ತ, ಚನ್ನಗಿರಿ ಚಿತ್ರದುರ್ಗಗಳಂತಹ ಪಟ್ಟಣಗಳ ಬಾಯಾರಿಕೆಯನ್ನು ಹಿಂಗಿಸುತ್ತ, ಮಿಕ್ಕುದನ್ನು ಹರಿದ್ರಾ ಹೊಳೆಯ ಕೈಯಲ್ಲಿ ಹರಿಹರದ ತುಂಗಭದ್ರೆಗೆ ಒಪ್ಪಿಸುತ್ತ ಬಂದಿದೆ.

ಈ ಕೆರೆಯ ಹುಟ್ಟನ್ನು ಕುರಿತು ಜನರು ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ಐತಿಹ್ಯವೊಂದುಂಟು. ಅರಸುಮಗಳಾದ ಶಾಂತವ್ವೆ, ತಂದೆಯಿಂದಲೇ ಬಂದೊದಗಿದ ನಿಂದೆಗೆ ಪ್ರಾಯಶ್ಚಿತ್ತವೆಂದು ಕೆರೆಯನ್ನು ಕಟ್ಟಿಸಲು ಸಂಕಲ್ಪಿಸಿದಾಗ, ಆ ನೆಲದ ಒಡೆತನವನ್ನು ಹೊಂದಿದ್ದ ಗಣಿಕೆಯರು, ಕೆರೆಗೆ ತಮ್ಮ ಹೆಸರೇ ನಿಲ್ಲತಕ್ಕದ್ದೆಂಬ ಕರಾರಿನ ಮೇಲೆ ಭೂಮಿಯನ್ನು ಬಿಟ್ಟುಕೊಟ್ಟರಂತೆ. ಆಕೆ ಆ ಕರಾರಿಗೆ ಒಪ್ಪಿದಳಂತೆ. ಇದು ಚರಿತ್ರೆಯೋ ಕಲ್ಪನೆಯೋ, ಹೇಗಾದರೂ ಇರಲಿ. ಈ ಸೀಮೆಯ ಜನಮನಸ್ಸು ತನ್ನ ಮಹಾಕೆರೆಯ ಕತೆಯಲ್ಲಿ, ಕಟ್ಟಿದವಳನ್ನು ಹೆಸರಿಗಾಗಿ ಹಟ ಹಿಡಿಯದವಳನ್ನಾಗಿ ಚಿತ್ರಿಸಿಕೊಂಡಿದೆ ಎಂಬುದು ಮನನೀಯವಾದ ಸಂಗತಿ. ಕೆಲಸ ನಡೆಯಬೇಕು, ನೀರು ನಿಲ್ಲಬೇಕು, ಹೊಲಕ್ಕೆ ಹರಿಯಬೇಕು. ಅದರ ಮೇಲೆ ತನ್ನ ಮುದ್ರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬ ಮನೋಧರ್ಮವನ್ನು ನಮ್ಮ ಹಿರಿಯರು ದೊಡ್ಡತನವೆಂದು ಎಣಿಸಿದ್ದರು.

ಕೆರೆಯ ನಿರ್ಮಾಣದಲ್ಲಿ ಏರಿಗೆ ಎಷ್ಟು ಮಹತ್ತ್ವವೋ ಕೋಡಿಗೂ ಅಷ್ಟೇ ಮಹತ್ತ್ವ. ಏರಿ ನೀರನ್ನು ಹಿಡಿಯುತ್ತದೆ. ತೂಬು ಬೇಕಾದಾಗ ಬೇಕಾದಷ್ಟನ್ನು ಬಿಡುತ್ತದೆ. ಕೋಡಿಯಾದರೋ, ಇಷ್ಟು ಮಟ್ಟಕ್ಕೆ ಬಂದ ಮೇಲೆ ಇನ್ನು ಹಿಡಿಯತಕ್ಕದ್ದಲ್ಲವೆಂದು ತೀರ್ಮಾನಿಸಿ ಹೆಚ್ಚಾದುದನ್ನು ತಾನಾಗಿಯೇ ಹೊರಗೆ ಕಳುಹುತ್ತದೆ. ಎಂತಹ ಭದ್ರವಾದ ಏರಿಯಾದರೂ ಕೋಡಿಯ ಮಟ್ಟ ತಪ್ಪಿತೆಂದರೆ ಒಂದು ಮಳೆಗಾಲದ ರಾತ್ರಿಯಲ್ಲಿ ಕಡಿದುಹೋಗುವುದು ನಿಶ್ಚಯ. ಅಧಿಕಾರವೆಂಬುದರ ಸ್ವಭಾವವೂ ಇಂತಹುದೇ. ಅದನ್ನು ಸಂಪಾದಿಸುವ ಹಾದಿಗಳನ್ನೂ, ಹಿಡಿದು ನಿಲ್ಲಿಸಿಕೊಳ್ಳುವ ಉಪಾಯಗಳನ್ನೂ ರಾಜನೀತಿ ಗ್ರಂಥಗಳು ಬಹು ವಿಸ್ತಾರವಾಗಿ ಹೇಳಿವೆ. ಯಾವ ಮಟ್ಟದಲ್ಲಿ ಅದನ್ನು ಬಿಟ್ಟುಕೊಡಬೇಕೆಂಬ ವಿವೇಕವನ್ನು ಮಾತ್ರ ಪ್ರತಿಯೊಬ್ಬ ಅಧಿಕಾರಿಯೂ ತನ್ನ ಅಂತಃಕರಣದಲ್ಲಿಯೇ ಹುಡುಕಿಕೊಳ್ಳಬೇಕಾಗಿದೆ. ಪೀಠದ ಮೇಲೆ ಇನ್ನೂ ಕುಳಿತಿರುವಾಗಲೇ, ಇನ್ನೊಂದು ಅವಧಿಗೆ ಸ್ಪರ್ಧಿಸಲು ಕಾನೂನಿನ ಅಡ್ಡಿ ಏನೂ ಇಲ್ಲದಿರುವಾಗಲೇ, "ನಾನು ಮತ್ತೆ ಅಭ್ಯರ್ಥಿಯಾಗುವುದಿಲ್ಲ" ಎಂದು ಹೇಳಬಲ್ಲ ಅಧ್ಯಕ್ಷರು ಪ್ರಪಂಚದಲ್ಲಿ ವಿರಳ. ಅವರ ಸಾಲಿನಲ್ಲಿ ಕನ್ನಡನಾಡಿಗೆ ಹತ್ತಿರವಾದವರೂ, ಕನ್ನಡಿಗರೇ ಆದವರೂ ಇದ್ದಾರೆ; ಅವರ ನಡೆ ನಮಗೆ ಏನನ್ನು ಕಲಿಸುತ್ತದೆ ಎಂಬುದೇ ಇಲ್ಲಿಯ ವಿಚಾರ.

ಮೈಸೂರಿನಿಂದ ಹೊರಟ ಬಂಡಿ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ. ಅದಾದ ಎರಡು ವರ್ಷಕ್ಕೆ, ಮೂವತ್ತರ ಹರೆಯದ ತತ್ತ್ವಶಾಸ್ತ್ರದ ಅಧ್ಯಾಪಕರೊಬ್ಬರು ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಹಿರಿಯಣ್ಣ, ವಾಡಿಯಾ ಮೊದಲಾದ ವಿದ್ವಜ್ಜನರು ಬೆಳಗುತ್ತಿದ್ದ ಆ ಕಾಲೇಜಿನಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಇದ್ದುದು ಮೂರೇ ವರ್ಷ. 1921ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯ ಅವರನ್ನು ತನ್ನ ಐದನೆಯ ಜಾರ್ಜ್ ಪೀಠಕ್ಕೆ ಕರೆಯಿತು. ಆ ಪೀಠವನ್ನು ಅಷ್ಟರವರೆಗೆ ಅಲಂಕರಿಸಿದ್ದವರು ಬ್ರಜೇಂದ್ರನಾಥ ಸೀಲರು. ಅವರು ಮೈಸೂರಿನ ಉಪಕುಲಪತಿಗಳಾಗಿ ಬಂದುದರಿಂದ ತೆರವಾದ ಜಾಗಕ್ಕೆ ಮೈಸೂರಿನ ಪ್ರಾಧ್ಯಾಪಕರು ಹೋದರು. ಒಬ್ಬ ಮಹಾವಿದ್ವಾಂಸರು ಬಿಟ್ಟ ಪೀಠಕ್ಕೆ ಇನ್ನೊಬ್ಬರು, ಅವರು ಬಂದ ಊರಿನಿಂದಲೇ ಹೊರಟ ಆ ವಿನಿಮಯದಲ್ಲಿ ಎರಡು ವಿಶ್ವವಿದ್ಯಾನಿಲಯಗಳೂ ಬಡವಾಗಲಿಲ್ಲ.

ಹೊರಡುವ ದಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿದ ಆ ಬಂಡಿಯನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣದವರೆಗೂ ಹೋದ ಪ್ರಸಂಗವನ್ನು ಮೈಸೂರು ಇಂದಿಗೂ ನೆನೆಯುತ್ತದೆ. ಒಬ್ಬ ಉಪಾಧ್ಯಾಯನಿಗೆ ಅವನು ಬರುವಾಗ ಅಲ್ಲ, ಹೊರಡುವಾಗ ಸಂದ ಮರ್ಯಾದೆ ಅದು. ಬರುವವನಿಗೆ ಮಾಡುವ ಸ್ವಾಗತದಲ್ಲಿ ಅವನಿಂದ ಮುಂದೆ ಆಗಬೇಕಾದ ಕಾರ್ಯದ ನಿರೀಕ್ಷೆ ಇರುತ್ತದೆ. ಹೊರಡುವವನಿಂದ ಇನ್ನೇನೂ ಆಗಬೇಕಾಗಿಲ್ಲವಾದ ಕಾರಣ, ಆ ಹೊತ್ತಿನಲ್ಲಿ ಜನ ತೋರಿದ ಪ್ರೀತಿಯೇ ಆತನ ಸೇವೆಗೆ ಸಿಕ್ಕ ನಿಜವಾದ ಬೆಲೆ.

ಅದೇ ಪ್ರಾಧ್ಯಾಪಕರು ಆಕ್ಸ್‌ಫರ್ಡಿನ ಪೀಠ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಉಪಕುಲಪತಿತ್ವ, ಮಾಸ್ಕೋವಿನ ರಾಯಭಾರ ಇವುಗಳನ್ನೆಲ್ಲ ಹಾಯ್ದು, ಹತ್ತು ವರ್ಷ ಉಪರಾಷ್ಟ್ರಪತಿಗಳಾಗಿದ್ದು, 1962ರ ಮೇ 13ರಂದು ರಾಷ್ಟ್ರಪತಿಗಳಾದರು. ಅವರ ಐದು ವರ್ಷಗಳು ಸುಖದ ಕಾಲವಾಗಿರಲಿಲ್ಲ. ಅಧಿಕಾರ ವಹಿಸಿಕೊಂಡ ಐದು ತಿಂಗಳಿಗೆ ಚೀನಾದ ಆಕ್ರಮಣ. 1964ರ ಮೇ 27ರಂದು ನೆಹರೂ ಅವರ ನಿಧನ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿಗಳ ಮರಣ. ಎರಡು ಸಲ ಪ್ರಧಾನಿಯ ಕುರ್ಚಿ ಹಠಾತ್ತಾಗಿ ಬರಿದಾದಾಗ, ಎರಡು ಸಲವೂ ಗುಲ್ಜಾರಿಲಾಲ್ ನಂದಾ ಅವರಿಗೆ ತಾತ್ಕಾಲಿಕವಾಗಿ ಪ್ರಮಾಣವಚನ ಬೋಧಿಸಿ, ಆಡಳಿತದ ನೂಲು ಹರಿಯದಂತೆ ನೋಡಿಕೊಂಡವರು ರಾಧಾಕೃಷ್ಣನ್ನರು. 1967ರ ಗಣರಾಜ್ಯೋತ್ಸವದ ಮುನ್ನಾದಿನದ ಭಾಷಣದಲ್ಲಿ ದೇಶದ ಆಡಳಿತದಲ್ಲಿನ ಅದಕ್ಷತೆಯನ್ನೂ ಸಂಪನ್ಮೂಲಗಳ ದುರ್ನಿರ್ವಹಣೆಯನ್ನೂ ಅವರು ಮುಚ್ಚುಮರೆಯಿಲ್ಲದೆ ಎತ್ತಿ ಆಡಿದರು.

ಅದೇ ವರ್ಷದ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸಿನ ಬಹುಮತ ಬಹಳವಾಗಿ ಕುಗ್ಗಿತು. ಮುಂದಿನ ರಾಷ್ಟ್ರಪತಿ ಯಾರೆಂಬ ಪ್ರಶ್ನೆ ಬಂದಾಗ, ರಾಧಾಕೃಷ್ಣನ್ನರೇ ಮುಂದುವರಿಯಲೆಂಬುದು ಪಕ್ಷದ ಅಧ್ಯಕ್ಷರಾದ ಕಾಮರಾಜರ ಅಪೇಕ್ಷೆ. ಪ್ರಧಾನಿ ಇಂದಿರಾ ಗಾಂಧಿಯವರ ಒಲವು ಉಪರಾಷ್ಟ್ರಪತಿ ಜಾಕಿರ್ ಹುಸೇನರ ಕಡೆಗೆ. ಇಂತಹ ಸಂದರ್ಭದಲ್ಲಿ ಪೀಠದಲ್ಲಿರುವವನು ಮನಸ್ಸು ಮಾಡಿದರೆ ಎರಡು ಬಣಗಳ ಜಗಳವನ್ನು ತನ್ನ ಹೆಸರಿನಲ್ಲಿಯೇ ನಡೆಯಗೊಡಬಹುದು. ಎಪ್ಪತ್ತೆಂಟು ವರ್ಷದ ರಾಧಾಕೃಷ್ಣನ್ನರು ಹಾಗೆ ಮಾಡದೆ, ಏಪ್ರಿಲ್ ತಿಂಗಳಿನಲ್ಲಿ, ತಾವು ಅಭ್ಯರ್ಥಿಯಲ್ಲವೆಂದು ತಿಳಿಸಿಬಿಟ್ಟರು. ಮೇ 6ರಂದು ಮತದಾನವಾಯಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಪದವಿಯನ್ನು ಬಿಟ್ಟು ಕಣಕ್ಕೆ ಇಳಿದಿದ್ದ ಕೆ. ಸುಬ್ಬರಾಯರನ್ನು ಜಾಕಿರ್ ಹುಸೇನರು ಸೋಲಿಸಿದರು. ಮೇ 13ರಂದು ಅಧಿಕಾರ ಹಸ್ತಾಂತರವಾಯಿತು. ರಾಧಾಕೃಷ್ಣನ್ನರು ಮದರಾಸಿನ ಮೈಲಾಪುರದ ತಮ್ಮ 'ಗಿರಿಜಾ' ಎಂಬ ಮನೆಗೆ ಹಿಂದಿರುಗಿದರು. 1975ರ ಏಪ್ರಿಲ್ 17ರಂದು ಅದೇ ನಗರದಲ್ಲಿ ಕಾಲವಶರಾದರು.

ಆ 1967ನೆಯ ವರ್ಷ ನಮ್ಮ ಚನ್ನಗಿರಿ ಸೀಮೆಗೂ ನೆನಪಿನ ವರ್ಷ. ಕಾರಿಗನೂರಿನ ಜೆ.ಎಚ್. ಪಟೇಲರು ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂದು ಹೆಸರಾದರು. ಸಂಸತ್ತಿನ ಚುನಾಯಿತ ಸದಸ್ಯರೆಲ್ಲ ರಾಷ್ಟ್ರಪತಿಯ ಆಯ್ಕೆಯ ಮತದಾರರೇ ಆದುದರಿಂದ, ರಾಧಾಕೃಷ್ಣನ್ನರು ಬಿಟ್ಟುಕೊಟ್ಟ ಸ್ಥಾನಕ್ಕೆ ಹೊಸಬರನ್ನು ಆರಿಸುವ ಹಕ್ಕು ಸೂಳೆಕೆರೆಯ ನೀರು ಕುಡಿದ ಸೀಮೆಯ ಆ ತರುಣ ಸಮಾಜವಾದಿಗೂ ಇದ್ದಿತು. ಹಿರಿಯರೊಬ್ಬರು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ ವರ್ಷವೇ ಕಿರಿಯರೊಬ್ಬರು ಒಳಗೆ ಬಂದರು. ಮುಂದೆ ಅವರೇ ಈ ರಾಜ್ಯದ ಮುಖ್ಯಮಂತ್ರಿಗಳಾಗಿ, 1997ರಲ್ಲಿ ದಾವಣಗೆರೆಯನ್ನು ಜಿಲ್ಲೆಯನ್ನಾಗಿ ಮಾಡಿ, ಚನ್ನಗಿರಿ ಹೊನ್ನಾಳಿಗಳನ್ನು ಶಿವಮೊಗ್ಗದಿಂದಲೂ ಜಗಳೂರನ್ನು ಚಿತ್ರದುರ್ಗದಿಂದಲೂ ಅದಕ್ಕೆ ಸೇರಿಸಿದರು. ಹೊರಗೆ ಹೋಗುವವರು ಇದ್ದರೆ ಮಾತ್ರ ಒಳಗೆ ಬರುವವರಿಗೆ ಎಡೆ. ಪ್ರಜಾಪ್ರಭುತ್ವದ ಗೃಹಕೃತ್ಯ ಸಾಗುವುದೇ ಹೀಗೆ.

ಸಾವಳಗಿಯವರ ಸಂಯಮ

ಕನ್ನಡಿಗರೊಬ್ಬರು ರಾಷ್ಟ್ರಪತಿ ಭವನದ ಪೀಠದಲ್ಲಿ ಕುಳಿತ ಕಾಲವೂ ಒಂದಿದೆ. ಜಮಖಂಡಿಯ ಬಳಿಯ ಸಾವಳಗಿಯಲ್ಲಿ ಹುಟ್ಟಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1974ರಲ್ಲಿ ಉಪರಾಷ್ಟ್ರಪತಿಗಳಾದ ಬಿ.ಡಿ. ಜತ್ತಿಯವರು, 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ಅಧಿಕಾರದಲ್ಲಿರುವಾಗಲೇ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಗಳಾದರು. ಹಂಗಾಮಿಯೆಂದರೂ ಆ ಐದು ತಿಂಗಳ ಹೊರೆ ಪೂರ್ಣಾವಧಿಯ ಹೊರೆಗಿಂತ ಹಗುರವಾಗಿರಲಿಲ್ಲ. ತುರ್ತುಪರಿಸ್ಥಿತಿಯನ್ನು ಹಿಂದಕ್ಕೆ ಪಡೆದ 1977ರ ಮಾರ್ಚ್ 21ರ ಘೋಷಣೆ ಹೊರಬಿದ್ದುದು ಅವರ ಅಂಕಿತದಿಂದ. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ, ಸ್ವತಂತ್ರ ಭಾರತದ ಮೊತ್ತಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ, ಪ್ರಮಾಣವಚನ ಬೋಧಿಸಿದವರೂ ಅವರೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಸಂಪುಟದ ಸಲಹೆ ಬಂದಾಗ ಒಮ್ಮೆ ತಡೆದು ಯೋಚಿಸಿ, ಸಂವಿಧಾನದ ಹಾದಿ ಇದೇ ಎಂದು ಮನಗಂಡು, ಏಪ್ರಿಲ್ 30ರಂದು ಸಹಿ ಹಾಕಿದರು.

ಇವರಿಗಿಂತ ಹಿಂದೆ, 1969ರಲ್ಲಿ, ಇಂತಹುದೇ ಸನ್ನಿವೇಶ ಒದಗಿತ್ತು. ಜಾಕಿರ್ ಹುಸೇನರು ಮೇ 3ರಂದು ನಿಧನರಾದಾಗ ಹಂಗಾಮಿ ರಾಷ್ಟ್ರಪತಿಗಳಾದ ವಿ.ವಿ. ಗಿರಿಯವರು—ಉಪರಾಷ್ಟ್ರಪತಿಯಾಗುವ ಮುನ್ನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು—ಜುಲೈ ತಿಂಗಳಲ್ಲಿ ಆ ಹೊಣೆಗೂ ಉಪರಾಷ್ಟ್ರಪತಿ ಪದವಿಗೂ ರಾಜೀನಾಮೆ ಇತ್ತು, ತಾವೇ ಕಣಕ್ಕೆ ಇಳಿದು ಗೆದ್ದರು. ಆ ಚುನಾವಣೆಯ ಬಿಸಿಯಲ್ಲಿಯೇ ಕಾಂಗ್ರೆಸ್ ಒಡೆಯಿತು. ಒಡಕಿನ ಒಂದು ಕಡೆ ಪಕ್ಷದ ಅಧ್ಯಕ್ಷರಾಗಿ ನಿಂತಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಗಿರಿಯವರು ಮಾಡಿದ್ದು ಕಾನೂನಿಗೆ ವಿರುದ್ಧವಾದುದೇನೂ ಅಲ್ಲ. ಆದರೆ ಅಂತಹ ಮೇಲ್ಪಂಕ್ತಿ ಕಣ್ಣೆದುರಿಗೆ ಇದ್ದಾಗಲೂ, ಎಂಟು ವರ್ಷಗಳ ತರುವಾಯ ಅದೇ ಕುರ್ಚಿಯಲ್ಲಿ ಕುಳಿತಿದ್ದ ಜತ್ತಿಯವರು ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಲಿಲ್ಲ. ನೀಲಂ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾಗಿ ಜುಲೈ 25ರಂದು ಅಧಿಕಾರ ವಹಿಸಿಕೊಂಡಾಗ, ಜತ್ತಿಯವರು ಮೇಲಣ ಪೀಠದಿಂದ ಇಳಿದು, ಕೆಳಗಣ ತಮ್ಮ ಹಳೆಯ ಪೀಠಕ್ಕೆ, ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿ, 1979ರ ಆಗಸ್ಟ್‌ವರೆಗೂ ಆ ಕೆಲಸವನ್ನು ನಡೆಸಿದರು.

ಮೇಲಿನ ಜಾಗದಲ್ಲಿ ಕುಳಿತೆದ್ದವನಿಗೆ ಮತ್ತೆ ಕೆಳಗಿನ ಜಾಗದಲ್ಲಿ ಕುಳಿತು ಕೆಲಸಮಾಡುವುದು ಎಷ್ಟು ಕಷ್ಟವೆಂಬುದನ್ನು ಒಂದು ಊರಿನ ಸಂಘದ ವ್ಯವಹಾರವನ್ನು ಬಲ್ಲವರೂ ಊಹಿಸಬಲ್ಲರು. ಅಧಿಕಾರವನ್ನು ಬಿಟ್ಟ ಮೇಲೆ ಜತ್ತಿಯವರು ಕೈಕಟ್ಟಿ ಕುಳಿತವರಲ್ಲ. ತಾವು ಕಟ್ಟಿದ ಬಸವ ಸಮಿತಿಯ ಮೂಲಕ ಶರಣರ ವಿಚಾರಗಳನ್ನು ಕನ್ನಡದ ಎಲ್ಲೆಯಾಚೆಗೂ ಮುಟ್ಟಿಸುವ ಕಾರ್ಯದಲ್ಲಿ ತೊಡಗಿ, 2002ರಲ್ಲಿ ತೀರಿಕೊಂಡರು. ಪೀಠವೇ ತನ್ನ ಸರ್ವಸ್ವವೆಂದು ತಿಳಿದವನಿಗೆ ಅದನ್ನು ಬಿಡುವುದು ಸಾವಿನಂತೆ ಕಾಣುತ್ತದೆ. ಪೀಠದ ಆಚೆಗೂ ಮಾಡುವ ಕೆಲಸ ಇರುವವನಿಗೆ ಅದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆದಷ್ಟೇ ಸಹಜ.

ನೂರು ದಿನ ತುಂಬುವ ಮೊದಲೇ

ಸೂಳೆಕೆರೆಗೆ ಬಹಳ ದೂರವಲ್ಲದ ಹೊಸದುರ್ಗದಿಂದ ಆರಂಭವಾದ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯದಿದ್ದರೆ ಕರ್ನಾಟಕದ ಕತೆ ಪೂರ್ಣವಾಗದು. 1962ರ ವಿಧಾನಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗ ಕ್ಷೇತ್ರದಲ್ಲಿ ಸೋತರು. ಪಕ್ಷ ಗೆದ್ದಿತ್ತು, ನಾಯಕರು ಸೋತಿದ್ದರು. ಆಗ ಮುಖ್ಯಮಂತ್ರಿ ಪದವಿಗೆ ಬಂದವರು, ಅದುವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ಎಸ್.ಆರ್. ಕಂಠಿಯವರು. ಮಾರ್ಚ್ 14ರಂದು ಅಧಿಕಾರ ಸ್ವೀಕರಿಸಿದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ವಿಧಾನಸಭೆಗೆ ಬಂದೊಡನೆಯೆ, ಜೂನ್ 20ರಂದು, ನೂರು ದಿನಗಳೂ ತುಂಬುವ ಮೊದಲೇ, ಕಂಠಿಯವರು ಆ ಸ್ಥಾನವನ್ನು ಬಿಟ್ಟುಕೊಟ್ಟು, ಅವರದೇ ಮಂತ್ರಿಮಂಡಲದಲ್ಲಿ ಶಿಕ್ಷಣ ಸಚಿವರಾಗಿ ದುಡಿದರು.

ಮುಖ್ಯಮಂತ್ರಿಯ ಕುರ್ಚಿಯಲ್ಲಿ ಒಮ್ಮೆ ಕುಳಿತವರು ಶಾಸಕರನ್ನು ತಮ್ಮ ಕಡೆಗೆ ಸೆಳೆದುಕೊಳ್ಳಲು ಮೂರು ತಿಂಗಳು ಸಾಲದ ಕಾಲವೇನೂ ಅಲ್ಲವೆಂಬುದಕ್ಕೆ ಅನಂತರದ ಕರ್ನಾಟಕದ ರಾಜಕಾರಣದಲ್ಲಿ ಬೇಕಾದಷ್ಟು ನಿದರ್ಶನಗಳಿವೆ. ಕಂಠಿಯವರನ್ನು ಕಾನೂನು ತಡೆಯುತ್ತಿರಲಿಲ್ಲ; ತಡೆದುದು, ನಾಯಕರು ಬಂದೊಡನೆ ಸ್ಥಾನವನ್ನು ಬಿಟ್ಟುಕೊಡುವೆನೆಂದು ಆಡಿದ ಮಾತು. ನಂದಿಗ್ರಾಮದಲ್ಲಿ ಪಾದುಕೆಗಳನ್ನು ಮುಂದಿಟ್ಟುಕೊಂಡು ರಾಜ್ಯವಾಳಿದ ಭರತನ ಕತೆಯನ್ನು ನಮ್ಮ ಜನ ಭಕ್ತಿಯಿಂದ ಕೇಳುತ್ತಾರೆ. ಅದರ ಛಾಯೆ ವಿಧಾನಸೌಧದಲ್ಲಿಯೂ ಒಮ್ಮೆ ಕಾಣಿಸಿಕೊಂಡಿತ್ತೆಂಬುದನ್ನು ಮಾತ್ರ ಬಹು ಮಂದಿ ಮರೆತಿದ್ದಾರೆ.

ಅರಸನ ತ್ಯಾಗ, ಅಧ್ಯಕ್ಷನ ನಿರ್ಗಮನ

ಬಿಟ್ಟುಕೊಡುವುದನ್ನು ಮೆಚ್ಚುವ ಸಂಸ್ಕಾರ ಕನ್ನಡನಾಡಿಗೆ ಹೊಸದಲ್ಲ. ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನು ತೊರೆದ ಬಾಹುಬಲಿಯ ಮೂರ್ತಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತಿದೆ; ಅದರ ಎದುರಿನ ಚಿಕ್ಕಬೆಟ್ಟಕ್ಕೆ ಚಂದ್ರಗುಪ್ತ ಮೌರ್ಯನು ಸಾಮ್ರಾಜ್ಯವನ್ನು ಬಿಟ್ಟು ಬಂದನೆಂಬ ಪ್ರತೀತಿಯೂ ಇದೆ; ರಾಷ್ಟ್ರಕೂಟ ಅಮೋಘವರ್ಷನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಅವನ ಹೆಸರಿನ ಕೃತಿಯೇ ಹೇಳುತ್ತದೆ. ಆದರೆ ಅರಸರ ಈ ವೈರಾಗ್ಯವನ್ನೂ ಚುನಾಯಿತ ಅಧ್ಯಕ್ಷನ ನಿರ್ಗಮನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅರಸನು ಬಿಟ್ಟುದು ತನ್ನದನ್ನು. ಅಧ್ಯಕ್ಷನು ಬಿಡುವುದು ಪರರದನ್ನು. ಐದು ವರ್ಷಗಳ ಮಟ್ಟಿಗೆ ನೋಡಿಕೊಳ್ಳೆಂದು ಜನರು ಇರಿಸಿದ ನ್ಯಾಸವನ್ನು ಹೊತ್ತು ತೀರಿದಾಗ ಅವನು ಹಿಂದಿರುಗಿಸುತ್ತಾನೆ. ಆದುದರಿಂದ ಇದು ವಿರಕ್ತರಿಗೆ ಮಾತ್ರ ಸಾಧ್ಯವಾದ ಅಸಾಮಾನ್ಯ ಸಾಹಸವಲ್ಲ. ಪ್ರಾಮಾಣಿಕನಾದ ಯಾವ ಗೃಹಸ್ಥನಿಗೂ ಅರ್ಥವಾಗಬೇಕಾದ ಸಾಧಾರಣ ಧರ್ಮ.

ನಮ್ಮ ಸಂವಿಧಾನ ಈ ಧರ್ಮವನ್ನು ಬಲಾತ್ಕಾರವಾಗಿ ಹೇರಲಿಲ್ಲ. ರಾಷ್ಟ್ರಪತಿಯ ಅವಧಿ ಐದು ವರ್ಷವೆಂದು 56ನೆಯ ಅನುಚ್ಛೇದ ವಿಧಿಸಿದರೆ, ಅವರು ಪುನರಾಯ್ಕೆಗೆ ಅರ್ಹರೆಂದು 57ನೆಯದು ಸಾರುತ್ತದೆ. ಎಷ್ಟು ಸಲವೆಂಬ ಮಿತಿ ಎಲ್ಲಿಯೂ ಇಲ್ಲ. ಹೀಗಿದ್ದರೂ ಈವರೆಗೆ ಎರಡು ಸಲ ಆಯ್ಕೆಯಾದ ರಾಷ್ಟ್ರಪತಿ ಒಬ್ಬರೇ, ಬಾಬು ರಾಜೇಂದ್ರ ಪ್ರಸಾದರು. ಅವರು ಕೂಡ 1962ರಲ್ಲಿ ಮೂರನೆಯ ಸಲಕ್ಕೆ ಮುಂದಾಗದೆ, ಪಟ್ನಾದ ಸದಾಕತ್ ಆಶ್ರಮಕ್ಕೆ ಮರಳಿ, ಮಾರನೆಯ ವರ್ಷ ಅಲ್ಲಿಯೇ ತೀರಿಕೊಂಡರು. ಬೆಂಗಳೂರಿನ ವೈಮಾನಿಕ ಸಂಸ್ಥೆಯಲ್ಲಿ 'ನಂದಿ' ಎಂಬ ಹೋವರ್‌ಕ್ರಾಫ್ಟ್ ರಚಿಸಿ ವೃತ್ತಿಯ ಆರಂಭಕಾಲವನ್ನು ಕಳೆದ ಅಬ್ದುಲ್ ಕಲಾಮರು, 2007ರಲ್ಲಿ ಮತ್ತೊಮ್ಮೆ ನಿಲ್ಲಬೇಕೆಂಬ ಒತ್ತಾಯ ಬಂದಾಗ ಸ್ವಲ್ಪ ಹೊತ್ತು ಆಲೋಚಿಸಿ, ಒಮ್ಮತವಿಲ್ಲದ ಕಣದಲ್ಲಿ ಆ ಪೀಠವನ್ನು ಎಳೆದಾಟಕ್ಕೆ ಗುರಿಮಾಡಲು ಒಪ್ಪದೆ ಹಿಂದೆ ಸರಿದರು. ಬರೆದ ಕಟ್ಟಳೆ ಇಲ್ಲದ ಕಡೆ ಇಂತಹ ನಡವಳಿಕೆಗಳೇ ಒಂದರ ಮೇಲೊಂದು ಸೇರಿ ಸಂಪ್ರದಾಯವಾಗುತ್ತವೆ.

ಅಮೆರಿಕದಲ್ಲಿ ಆದುದೂ ಹೀಗೆಯೇ. ಎರಡು ಅವಧಿಗಳ ಕೊನೆಗೆ, 1796ರ ಸೆಪ್ಟೆಂಬರಿನಲ್ಲಿ, ಜಾರ್ಜ್ ವಾಷಿಂಗ್‌ಟನ್ ಇನ್ನು ಸಾಕೆಂದು ಬೀಳ್ಕೊಂಡ ಒಂದು ನಡೆ, ಲಿಖಿತ ಕಾನೂನಿನ ಬೆಂಬಲವಿಲ್ಲದೆ ನೂರ ನಲವತ್ತು ವರ್ಷಗಳಿಗೂ ಮಿಕ್ಕಿ ಆ ದೇಶವನ್ನು ಕಟ್ಟಿಹಾಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರು ಮೂರನೆಯ, ನಾಲ್ಕನೆಯ ಸಲ ಆಯ್ಕೆಯಾದ ಮೇಲೆಯೇ, 1951ರಲ್ಲಿ, ಅದನ್ನು ಸಂವಿಧಾನದ ತಿದ್ದುಪಡಿಯನ್ನಾಗಿ ಬರೆದಿಡಬೇಕಾಯಿತು. ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲರಿಗೆ ಎರಡನೆಯ ಅವಧಿಗೆ ಅಡ್ಡಿಯಿರಲಿಲ್ಲ. ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದು ಬಂದವರು 1999ರಲ್ಲಿ ಐದೇ ವರ್ಷಕ್ಕೆ ಅಧ್ಯಕ್ಷಪದವಿಯನ್ನು ಬಿಟ್ಟು ನಡೆದರು.

ಕಾಲವರಿತ ಮಾತು

ಎಲ್ಲ ನಿರ್ಗಮನಗಳೂ ನಿಷ್ಕಲ್ಮಷವಾದ ಇಚ್ಛೆಯಿಂದಲೇ ಆಗುವುದಿಲ್ಲವೆಂಬ ಆಕ್ಷೇಪಣೆಯನ್ನು ಇಲ್ಲಿ ಎತ್ತಬಹುದು, ಅದು ಸತ್ಯವೇ. 1968ರ ಮಾರ್ಚ್ 31ರ ರಾತ್ರಿ ಲಿಂಡನ್ ಜಾನ್ಸನ್ನರು ವಿಯೆಟ್ನಾಮಿನ ಯುದ್ಧವನ್ನು ಕುರಿತು ಮಾಡಿದ ದೂರದರ್ಶನ ಭಾಷಣದ ಕೊನೆಯಲ್ಲಿ, ತಮ್ಮ ಪಕ್ಷದ ಅಭ್ಯರ್ಥಿತ್ವವನ್ನು ತಾವು ಬಯಸುವುದೂ ಇಲ್ಲ, ಕೊಟ್ಟರೆ ಸ್ವೀಕರಿಸುವುದೂ ಇಲ್ಲವೆಂದು ಸಾರಿದಾಗ, ಯುದ್ಧವಿರೋಧಿ ಚಳುವಳಿಯೂ ಪಕ್ಷದೊಳಗಿನ ಪ್ರತಿಸ್ಪರ್ಧಿಗಳೂ ಅವರನ್ನು ಸುತ್ತುವರಿದಿದ್ದರು. 2024ರ ಜುಲೈ 21ರಂದು ಜೋ ಬೈಡನ್ನರು ಪತ್ರಮುಖೇನ ಕಣದಿಂದ ಹಿಂದೆ ಸರಿದಾಗ, ಎಂಬತ್ತೊಂದರ ವಯಸ್ಸೂ, ಜೂನ್ ತಿಂಗಳ ಚರ್ಚೆಯಲ್ಲಿ ತೋರಿದ ಬಳಲಿಕೆಯೂ, ಸ್ವಪಕ್ಷೀಯರ ಒತ್ತಡವೂ ಕಾರಣವಾಗಿದ್ದುವು. ರಾಧಾಕೃಷ್ಣನ್ನರ ಹಿಂದೆಯೂ ಪ್ರಧಾನಿಯ ಮನಸ್ಸು ಬೇರೆಯವರ ಕಡೆಗಿದ್ದಿತು. ಆದರೆ ಒತ್ತಡ ಬಂದಾಗ ಎಲ್ಲರೂ ಬಿಡುವುದಿಲ್ಲವಷ್ಟೆ. ಒತ್ತಡಕ್ಕೆ ಎದುರಾಗಿ ಪೀಠಕ್ಕೆ ಅಂಟಿಕೊಂಡು ದೇಶವನ್ನೇ ಹಾಳುಗೆಡವಿದವರ ಪಟ್ಟಿ ಇದಕ್ಕಿಂತ ಬಹಳ ಉದ್ದವಾಗಿದೆ. ಮನಸ್ಸಿನೊಳಗಣ ಕಾರಣಗಳನ್ನು ತೂಗುವುದು ಅಂತರ್ಯಾಮಿಯ ಕೆಲಸ. ನಾಗರಿಕರಾದ ನಾವು ನೋಡಬೇಕಾದುದು, ಹೇಳಿದ ಕಾಲವನ್ನೂ ಹೇಳಿದ ಮೇಲಣ ನಡತೆಯನ್ನೂ.

ಕಾಲದ ಮಾತು ಮುಖ್ಯವಾದುದು. ಜಾನ್ಸನ್ನರು ಹೇಳಿದಾಗ ಚುನಾವಣೆಗೆ ಏಳು ತಿಂಗಳಿಗೂ ಹೆಚ್ಚು ಸಮಯವಿತ್ತು. ಪಕ್ಷಕ್ಕೂ ಜನರಿಗೂ ಬೇರೆಯವರನ್ನು ಪರೀಕ್ಷಿಸಲು ಅವಕಾಶ ಸಿಕ್ಕಿತು. ಬೈಡನ್ನರು ಹೇಳಿದಾಗ ನೂರ ಏಳು ದಿನಗಳು ಮಾತ್ರ ಉಳಿದಿದ್ದುವು; ಕಮಲಾ ಹ್ಯಾರಿಸರು ಆ ಅಲ್ಪಾವಧಿಯಲ್ಲಿ ಓಡಾಡಿ ಸೋತ ಮೇಲೆ, ಇದೇ ಮಾತನ್ನು ಒಂದು ವರ್ಷ ಮೊದಲು ಆಡಿದ್ದರೆ ಎಂಬ ಹಳಹಳಿಕೆ ಅವರ ಪಕ್ಷದಲ್ಲಿ ಎದ್ದಿತು. ಬಿಟ್ಟುಕೊಡುವ ಮಾತು ತಡವಾದರೆ ಅದರ ಅರ್ಧ ಪುಣ್ಯ ವ್ಯರ್ಥವಾಗುತ್ತದೆ. ತನ್ನ ತರುವಾಯ ಬರುವವನಿಗೆ ಸಿದ್ಧವಾಗಲು ಬೇಕಾದಷ್ಟು ಹಗಲುಗಳನ್ನು ಉಳಿಸಿಕೊಟ್ಟವನೇ ನಿಜವಾಗಿ ಬಿಟ್ಟುಕೊಟ್ಟವನು.

ನಮ್ಮ ಊರಿನ ಮಹಾಸಭೆಗಳು

ರಾಷ್ಟ್ರಪತಿಗಳ ಕತೆ ನಮ್ಮಂತಹ ಸಾಮಾನ್ಯರಿಗೆ ಏಕೆ ಎಂದು ಯಾರಾದರೂ ಕೇಳಬಹುದು. ಈ ದೇಶದಲ್ಲಿ ಅಧ್ಯಕ್ಷರು ದಿಲ್ಲಿಯಲ್ಲಿ ಮಾತ್ರ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಪ್ರತಿಯೊಂದು ಊರಿನಲ್ಲಿಯೂ ಹಾಲು ಉತ್ಪಾದಕರ ಸಂಘಕ್ಕೊಬ್ಬ ಅಧ್ಯಕ್ಷ, ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೊಬ್ಬ ಅಧ್ಯಕ್ಷ, ನೀರು ಬಳಕೆದಾರರ ಸಂಘಕ್ಕೊಬ್ಬ, ಶಾಲೆಯ ಸಮಿತಿಗೊಬ್ಬ, ದೇವಸ್ಥಾನದ ಜೀರ್ಣೋದ್ಧಾರಕ್ಕೊಬ್ಬ. ಗ್ರಾಮ ಪಂಚಾಯತಿಯಲ್ಲಿ ಮೀಸಲಾತಿಯ ಸರದಿಯೂ ಮೂವತ್ತು ತಿಂಗಳ ಅವಧಿಯೂ ಇರುವುದರಿಂದ ಕುರ್ಚಿ ಅಷ್ಟಿಷ್ಟು ಕೈ ಬದಲಾಗುತ್ತದೆ. ಅಂತಹ ಕಟ್ಟಳೆಯಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ವಾರ್ಷಿಕ ಮಹಾಸಭೆಯೊಂದರಲ್ಲಿ ಕುಳಿತು ನೋಡಬೇಕು.

ಶಾಮಿಯಾನದ ಕೆಳಗೆ ಜಮಖಾನ ಹಾಸಿದೆ; ಮೇಜಿನ ಮೇಲೆ ಠರಾವು ಪುಸ್ತಕವೂ ಲಾಭ ನಷ್ಟದ ತಃಖ್ತೆಯೂ ಇವೆ; ಕಾರ್ಯದರ್ಶಿ ವರದಿಯನ್ನು ಓದುತ್ತಿದ್ದಾನೆ; ಹಿಂದಿನ ಸಾಲಿನವರು ಊಟದ ಕಡೆಗೆ ಗಮನವಿಟ್ಟಿದ್ದಾರೆ. ಆಡಳಿತ ಮಂಡಳಿಯ ಐದು ವರ್ಷ ತೀರಿ ಆಯ್ಕೆಯ ಮಾತು ಬಂದಾಗ ಯಾರೋ ಒಬ್ಬರು ಎದ್ದು, "ಇನ್ನೊಂದು ಸಲ ಗೌಡ್ರೇ ಇರ್ಲಿ ಬಿಡ್ರಪ್ಪ, ಅವರಿಗೆ ಎಲ್ಲಾ ಗೊತ್ತೈತಿ" ಎನ್ನುತ್ತಾರೆ. ಹತ್ತು ಜನ ಚಪ್ಪಾಳೆ ತಟ್ಟುತ್ತಾರೆ. ಅವಿರೋಧ ಆಯ್ಕೆಯಾಯಿತೆಂದು ಪುಸ್ತಕದಲ್ಲಿ ಬರೆದಾಗುತ್ತದೆ. ಎಲ್ಲವೂ ಗೊತ್ತಿರುವವರು ಒಬ್ಬರೇ ಆಗಿಬಿಟ್ಟಿರುವುದು ಆ ಸಂಘದ ಗೌರವವಲ್ಲ, ಅದರ ದೌರ್ಬಲ್ಯವೆಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅವರು ಕಾಯಿಲೆ ಬಿದ್ದ ದಿನ ಬ್ಯಾಂಕಿನ ಚೆಕ್ಕಿಗೆ ಸಹಿ ಹಾಕುವವರಿಲ್ಲ. ಡೇರಿಯ ಮೇಲಧಿಕಾರಿಗಳೊಡನೆ ಮಾತಾಡಬಲ್ಲವರಿಲ್ಲ. ಹಳೆಯ ಸಾಲದ ಕಾಗದ ಯಾವ ಬೀರುವಿನಲ್ಲಿದೆ ಎಂದು ತಿಳಿದವರಿಲ್ಲ.

ಇಂತಹ ಅಧ್ಯಕ್ಷರಲ್ಲಿ ದುರಾಸೆಯವರು ಕೆಲವರು ಮಾತ್ರ. ಬಹು ಮಂದಿ ನಿಜವಾಗಿ ದುಡಿದವರು, ಊರಿಗಾಗಿ ಸ್ವಂತ ಕೆಲಸ ಕೆಡಿಸಿಕೊಂಡವರು. ಆದುದರಿಂದಲೇ ಈ ಪ್ರಾರ್ಥನೆಯನ್ನು ಅವರ ಮುಂದೆ ಇಡಬೇಕೆನಿಸುತ್ತದೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ನೀವು ಸಭೆಯಲ್ಲಿ ಎದ್ದು ನಿಂತು, ಮುಂದಿನ ಸಲ ನಾನು ನಿಲ್ಲುವುದಿಲ್ಲವೆಂದು ಹೇಳಿ. ಆ ಮಾತನ್ನು ಠರಾವು ಪುಸ್ತಕದಲ್ಲಿ ಬರೆಯಿಸಿ. ಉಳಿದ ಹನ್ನೆರಡು ತಿಂಗಳಲ್ಲಿ ಊರಿನ ಇಬ್ಬರು ಮೂವರು ಕಿರಿಯರನ್ನು, ಅವರಲ್ಲಿ ಒಬ್ಬ ಹೆಣ್ಣುಮಗಳನ್ನಾದರೂ, ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕವನ್ನೂ ಕಾಗದಪತ್ರವನ್ನೂ ಕಚೇರಿಗಳ ದಾರಿಯನ್ನೂ ತೋರಿಸಿಕೊಡಿ. ಹೊಸಬರು ಬಂದ ಮೇಲೆ ಕರೆದಾಗ ಹೋಗಿ ಸಲಹೆ ಕೊಡಿ, ಕರೆಯದಿದ್ದಾಗ ಮನೆಯಲ್ಲಿರಿ; ಅವರು ತಪ್ಪಿದರೆ ಸದಸ್ಯರ ಸಾಲಿನಲ್ಲಿ ಕುಳಿತು ಸಭೆಯಲ್ಲಿಯೇ ಕೇಳಿ. ಜತ್ತಿಯವರಂತೆ ಕೆಳಗಿನ ಜಾಗದಲ್ಲಿ ಕುಳಿತು ದುಡಿಯುವುದಕ್ಕೆ ನಾಚಬೇಕಾಗಿಲ್ಲ. ಕಂಠಿಯವರಂತೆ ಆಡಿದ ಮಾತಿಗೆ ನಿಲ್ಲುವುದಕ್ಕೆ ಕಾನೂನಿನ ಒತ್ತಾಯ ಬೇಕಾಗಿಲ್ಲ.

ಮಕ್ಕಳು ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಪ್ರಜಾಪ್ರಭುತ್ವದ ಲಕ್ಷಣಗಳನ್ನು ಕಂಠಪಾಠ ಮಾಡುತ್ತಾರೆ. ಅವರು ಅದನ್ನು ನಿಜವಾಗಿ ಕಲಿಯುವುದು, ತಮ್ಮ ಊರಿನಲ್ಲಿ ಆರೋಗ್ಯವೂ ಶಕ್ತಿಯೂ ಜನಪ್ರೀತಿಯೂ ಇನ್ನೂ ಇರುವ ಹಿರಿಯರೊಬ್ಬರು, ಯಾರೂ ನೂಕದೆ, ತಾವಾಗಿಯೇ ಕುರ್ಚಿಯನ್ನು ಬಿಟ್ಟೆದ್ದು ಕಿರಿಯರೊಬ್ಬರ ಕೈಗೆ ಬೀಗದ ಕೈ ಕೊಡುವುದನ್ನು ಕಣ್ಣಾರೆ ಕಂಡಾಗ. ರಾಷ್ಟ್ರಪತಿ ಭವನದಲ್ಲಿ ನಡೆದಾಗ ಅದು ಇತಿಹಾಸವಾಗುತ್ತದೆ. ಹಾಲಿನ ಸಂಘದ ಕೊಠಡಿಯಲ್ಲಿ ನಡೆದಾಗ ಅಭ್ಯಾಸವಾಗುತ್ತದೆ. ದೇಶಕ್ಕೆ ಹೆಚ್ಚು ಬೇಕಾಗಿರುವುದು ಈ ಅಭ್ಯಾಸವೇ. ಏಕೆಂದರೆ ಊರಿನಲ್ಲಿ ಬಿಟ್ಟುಕೊಡಲು ಕಲಿಯದವನು ರಾಜಧಾನಿಗೆ ಹೋಗಿ ಕಲಿಯುವನೆಂದು ನಂಬಲು ಯಾವ ಆಧಾರವೂ ಇಲ್ಲ.